ಪಠ್ಯವನ್ನು ಧ್ವನಿಯಾಗಿಸುವಾಗ ಕತ್ತರಿ ಎಲ್ಲಿ ಹಾಕಬೇಕು?

ಪ್ರಶ್ನೆ: ಕನ್ನಡ ಲೇಖನಗಳನ್ನು ಧ್ವನಿ ಕಡತಗಳಾಗಿ ಪರಿವರ್ತಿಸಲು ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ಒಂದೆರಡು ವಾಕ್ಯ ಕಳುಹಿಸಿದರೆ ಕ್ಲೌಡ್ ಸೇವೆಯಿಂದ ಚೆನ್ನಾದ ಧ್ವನಿ ಬರುತ್ತದೆ. ಆದರೆ ಸುಮಾರು 3,200 ಅಕ್ಷರಗಳ ಲೇಖನವನ್ನು ಕಳುಹಿಸಿದಾಗ 5,000ದ ಮಿತಿ ಮೀರಿದೆ ಎಂಬ ದೋಷ ಸಂದೇಶ ಬಂತು. ಹಾಗಾಗಿ 1,500 ಅಕ್ಷರಗಳಿಗೊಂದು ತುಂಡು ಮಾಡಿ ಕಳುಹಿಸಿ, ಬಂದ ಕಡತಗಳನ್ನು ಒಂದರ ಹಿಂದೆ ಒಂದು ಜೋಡಿಸಿದೆ. ಈಗ ಧ್ವನಿ ಪದದ ನಡುವೆಯೇ ಕಡಿದುಹೋಗುತ್ತದೆ, ಜೋಡಿಸಿದಲ್ಲಿ ‘ಟಪ್’ ಎಂಬ ಸದ್ದು ಬರುತ್ತದೆ, ಕೆಲವು ಪ್ಲೇಯರ್‌ಗಳಲ್ಲಿ ಮೊದಲ ತುಂಡು ಮುಗಿದೊಡನೆ ಎಲ್ಲವೂ ನಿಂತುಹೋಗುತ್ತದೆ. ಇಸವಿ, ಫೋನ್ ಸಂಖ್ಯೆ, ‘ಡಾ.’, ‘ಕಿ.ಮೀ.’ ಇಂಥವುಗಳ ಓದು ಕೇಳಲಾಗದು. ಸರಿಯಾದ ಕ್ರಮ ಯಾವುದು? ನನ್ನ ಕೋಡ್ ಲಗತ್ತಿಸಿದ್ದೇನೆ.

ಉತ್ತರ: ನಿಮ್ಮ ಪ್ರಶ್ನೆಗೆ ಬರುವ ಮುನ್ನ ಒಂದು ತುರ್ತಿನ ಮಾತು. ನೀವು ಲಗತ್ತಿಸಿದ ಕೋಡ್‌ನಲ್ಲಿ ಸೇವೆಯ ರಹಸ್ಯ ಕೀ ಹಾಗೆಯೇ ಉಳಿದಿದೆ. ಅದನ್ನು ಕೂಡಲೇ ಸೇವೆಯ ಕನ್ಸೋಲ್‌ಗೆ ಹೋಗಿ ರದ್ದುಪಡಿಸಿ ಹೊಸದನ್ನು ಪಡೆಯಿರಿ. ಕೋಡ್‌ನಿಂದ ಅಳಿಸಿದರೆ ಸಾಲದು, ಏಕೆಂದರೆ ಈಗಾಗಲೇ ಅದು ನನ್ನ ಕೈಗೆ ಬಂದಿದೆ, ಮತ್ತು ಕೋಡ್‌ನ ಹಳೆಯ ಆವೃತ್ತಿಗಳನ್ನು ಉಳಿಸಿಡುವ ಗಿಟ್ ಅನ್ನು ನೀವು ಬಳಸುತ್ತಿದ್ದರೆ ಅದರ ಇತಿಹಾಸದಲ್ಲಿಯೂ ಕುಳಿತಿದೆ. ಹೊಸ ಕೀಯನ್ನು ಪರಿಸರ ಚರಾಂಶದಲ್ಲಿ, ಅಂದರೆ ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಇಟ್ಟು, ಪ್ರೋಗ್ರಾಂ ಅಲ್ಲಿಂದ ಓದಿಕೊಳ್ಳುವಂತೆ ಮಾಡಿ. ಮುಂದೆ ಎಂದಾದರೂ ಇದನ್ನು ಜಾಲತಾಣಕ್ಕೆ ಅಳವಡಿಸುವುದಾದರೆ, ಬ್ರೌಸರ್‌ನಲ್ಲಿ ಓಡುವ ಜಾವಾಸ್ಕ್ರಿಪ್ಟ್‌ನಿಂದ ನೇರವಾಗಿ ಸೇವೆಯನ್ನು ಕರೆಯಬೇಡಿ. ನಿಮ್ಮ ಸರ್ವರ್ ನಡುವೆ ನಿಂತು ಕರೆಯಲಿ.

ಇನ್ನು ನಿಮ್ಮ ತೊಂದರೆ. ನೀವು ಹೇಳಿದ ಐದಾರು ದೋಷಗಳು ಬೇರೆ ಬೇರೆಯಾಗಿ ಕಂಡರೂ ಅವುಗಳಲ್ಲಿ ಹೆಚ್ಚಿನವು ಒಂದೇ ಕಡೆಯಿಂದ ಹುಟ್ಟಿವೆ: ನೀವು ಮೊದಲು ಕತ್ತರಿಸಿದ್ದೀರಿ, ಉಳಿದದ್ದನ್ನೆಲ್ಲ ಸೇವೆಗೆ ಬಿಟ್ಟಿದ್ದೀರಿ. ಆಗಬೇಕಾದದ್ದು ಇದರ ತಿರುವುಮುರುವು. ಪಠ್ಯವನ್ನು ಮೊದಲು ಶುದ್ಧಗೊಳಿಸಿ, ಸಂಖ್ಯೆ ಮತ್ತು ಸಂಕ್ಷೇಪಗಳನ್ನು ಪದಗಳಾಗಿ ಬಿಡಿಸಿ, ಆಮೇಲೆ ವಾಕ್ಯಗಳ ಗಡಿಯಲ್ಲಿ ತುಂಡು ಮಾಡಿ, ಕೊನೆಗೆ ಅಗತ್ಯವಿದ್ದಲ್ಲಿ ಮಾತ್ರ ಟ್ಯಾಗ್, ಅಂದರೆ ಹೇಗೆ ಓದಬೇಕೆಂದು ಯಂತ್ರಕ್ಕೆ ತಿಳಿಸುವ ಗುರುತು, ಸೇರಿಸಿ ಕಳುಹಿಸಬೇಕು. ಸೇವೆಯನ್ನು ಕರೆಯುವ ಕೆಲಸಕ್ಕೆ ಹತ್ತು ಸಾಲು ಕೋಡ್ ಸಾಕು, ಮತ್ತು ಆ ಹತ್ತು ಸಾಲು ನಿಮ್ಮ ಪ್ರೋಗ್ರಾಂನಲ್ಲಿ ಸರಿಯಾಗಿಯೇ ಇವೆ. ಕೆಟ್ಟಿರುವುದು ಅದರ ಹಿಂದಿನ ಮತ್ತು ಮುಂದಿನ ಭಾಗ.

ಮಿತಿಯ ಲೆಕ್ಕದಿಂದ ಆರಂಭಿಸೋಣ. ನೀವು ಸೇವೆಯ ಹೆಸರು ಹೇಳಿಲ್ಲವಾದರೂ 5,000 ಎಂಬ ಸಂಖ್ಯೆಯಿಂದಲೂ ಕೋಡ್‌ನ ರೂಪದಿಂದಲೂ ಅದು ಗೂಗಲ್ ಕ್ಲೌಡ್‌ನ ಟೆಕ್ಸ್ಟ್-ಟು-ಸ್ಪೀಚ್ ಎಂದು ತಿಳಿಯುತ್ತದೆ. ಅಲ್ಲಿ ಒಂದು ವಿನಂತಿಯ ಮಿತಿ 5,000 ಅಕ್ಷರಗಳಲ್ಲ, 5,000 ಬೈಟ್‌ಗಳು. ಇಂಗ್ಲಿಷ್ ಪಠ್ಯಕ್ಕೆ ಇವೆರಡೂ ಒಂದೇ ಆಗಿರುವುದರಿಂದ ಬಹಳ ಜನರ ಗಮನಕ್ಕೆ ಈ ವ್ಯತ್ಯಾಸ ಬರುವುದಿಲ್ಲ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ ಮೀಸಲಾದ ಪ್ರತಿಯೊಂದು ಸಂಕೇತವೂ, ಪಠ್ಯವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಎಂಬ ಕ್ರಮದಲ್ಲಿ, 3 ಬೈಟ್‌ಗಳನ್ನು ತೆಗೆದುಕೊಳ್ಳುತ್ತದೆ. ಅದಕ್ಕಿಂತ ಮುಖ್ಯವಾಗಿ, ನಾವು ಅಕ್ಷರ ಎಂದು ಕರೆಯುವುದು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿರಬೇಕಿಲ್ಲ. ‘ಸ್ತ್ರೀ’ ನಮ್ಮ ಕಣ್ಣಿಗೆ ಒಂದು ಅಕ್ಷರ. ಕಂಪ್ಯೂಟರ್‌ಗೆ ಅದು ಸ, ವ್ಯಂಜನದ ಸ್ವರವನ್ನು ತೆಗೆಯುವ ಚಿಹ್ನೆಯಾದ ಹಲಂತ, ತ, ಮತ್ತೊಂದು ಹಲಂತ, ರ, ದೀರ್ಘ ಈಕಾರ ಹೀಗೆ 6 ಸಂಕೇತಗಳು, ಅಂದರೆ 18 ಬೈಟ್‌ಗಳು. ಉದ್ದ ಹೇಳುವ ಪೈಥಾನ್‌ನ ‘ಲೆನ್’ ಫಂಕ್ಷನ್ ಎಣಿಸುವುದು ಸಂಕೇತಗಳನ್ನು. ನಿಮ್ಮ 3,200 ಸಂಕೇತಗಳಲ್ಲಿ 400ರಷ್ಟು ಖಾಲಿ ಜಾಗ ಮತ್ತು ಪೂರ್ಣವಿರಾಮಗಳಿದ್ದವು ಎಂದುಕೊಂಡರೆ, ಅವು ತಲಾ 1 ಬೈಟ್, ಉಳಿದ 2,800 ತಲಾ 3 ಬೈಟ್, ಒಟ್ಟು 8,800. ದೋಷ ಸಂದೇಶ ನಿಜವನ್ನೇ ಹೇಳಿದೆ.

ಆದ್ದರಿಂದ ಉದ್ದವನ್ನು ಅಳೆಯುವಾಗ ಪಠ್ಯವನ್ನು ಯುಟಿಎಫ್-8ಕ್ಕೆ ‘ಎನ್‌ಕೋಡ್’ ಮಾಡಿ, ಬಂದ ಬೈಟ್ ಸರಣಿಯ ಉದ್ದವನ್ನು ನೋಡಬೇಕು. ಆದರೆ ಬೈಟ್‌ಗಳಲ್ಲಿ ಅಳೆಯಬೇಕು ಎಂದಮಾತ್ರಕ್ಕೆ ಬೈಟ್‌ಗಳಲ್ಲಿ ಕತ್ತರಿಸಬಾರದು. 3 ಬೈಟ್‌ಗಳ ಸಂಕೇತದ ನಡುವೆ ಕತ್ತರಿ ಬಿದ್ದರೆ ಅದು ಪಠ್ಯವಾಗಿಯೇ ಉಳಿಯುವುದಿಲ್ಲ. ನೀವು ಮಾಡಿದಂತೆ ಸಂಕೇತಗಳ ಎಣಿಕೆಯಲ್ಲಿ ಕತ್ತರಿಸಿದರೂ ಅಪಾಯವಿದೆ: 1,500ನೇ ಸಂಕೇತ ಹಲಂತವಾಗಿದ್ದರೆ ಒತ್ತಕ್ಷರ ಒಡೆದು ಒಂದು ತುಂಡಿನ ಕೊನೆಯಲ್ಲಿ ಅರ್ಧಾಕ್ಷರವೂ ಇನ್ನೊಂದರ ಆರಂಭದಲ್ಲಿ ಬಿಡಿ ವ್ಯಂಜನವೂ ಉಳಿಯುತ್ತವೆ, ಮತ್ತು ಸ್ವರಚಿಹ್ನೆಯೊಂದು ತುಂಡಿನ ತಲೆಯಲ್ಲಿ ಒಂಟಿಯಾಗಿ ಕುಳಿತರೆ ಯಂತ್ರ ಅದನ್ನು ಹೇಗೆ ಓದಬೇಕು ಎಂಬುದಕ್ಕೆ ಉತ್ತರವೇ ಇಲ್ಲ.

ಪ್ರಸಂಗವಶಾತ್ ಹೇಳುವುದಾದರೆ, ಬೇರೆ ಸೇವೆಗೆ ಹೋದರೆ ಈ ಲೆಕ್ಕವೇ ಬದಲಾಗುತ್ತದೆ. ಅಮೆಜಾನ್ ಪಾಲಿ ನೇರ ಪರಿವರ್ತನೆಯ ಒಂದು ವಿನಂತಿಗೆ 3,000 ಶುಲ್ಕಾರ್ಹ ಅಕ್ಷರಗಳ ಮಿತಿ ಹಾಕುತ್ತದೆ. ಟ್ಯಾಗ್‌ಗಳು ಅದರಲ್ಲಿ ಸೇರುವುದಿಲ್ಲ, ಆದರೆ ಟ್ಯಾಗ್ ಸಮೇತ 6,000 ಮೀರುವಂತಿಲ್ಲ. ಮೈಕ್ರೋಸಾಫ್ಟ್ ಅಜೂರ್‌ನ ನೇರ ಪರಿವರ್ತನೆಯಲ್ಲಿ ಮಿತಿಯಿರುವುದು ಹೊರಬರುವ ಧ್ವನಿಯ ಮೇಲೆ: ಒಂದು ವಿನಂತಿಗೆ 10 ನಿಮಿಷ. ಒಂದು ಕಡೆ ಬೈಟ್, ಒಂದು ಕಡೆ ಅಕ್ಷರ, ಇನ್ನೊಂದು ಕಡೆ ನಿಮಿಷ. ಆದ್ದರಿಂದ ಮಿತಿಯನ್ನು ಪರೀಕ್ಷಿಸುವ ಭಾಗವನ್ನು ಪ್ರತ್ಯೇಕ ಫಂಕ್ಷನ್ ಆಗಿ ಬರೆದುಕೊಳ್ಳುವುದು ಒಳಿತು. ಸೇವೆ ಬದಲಿಸಿದ ದಿನ ಅದೊಂದನ್ನು ತಿದ್ದಿದರೆ ಸಾಕಾಗುತ್ತದೆ.

ಹಾಗಾದರೆ ಎಲ್ಲಿ ಕತ್ತರಿಸಬೇಕು? ಇದಕ್ಕೆ ಉತ್ತರಿಸಲು ಈ ಧ್ವನಿಗಳು ಹುಟ್ಟುವ ಬಗೆಯನ್ನು ಸ್ವಲ್ಪ ತಿಳಿದಿರಬೇಕು. ಹಿಂದಿನ ವ್ಯವಸ್ಥೆಗಳಲ್ಲಿ ಬಹುಪಾಲು ಒಬ್ಬ ವ್ಯಕ್ತಿಯ ಗಂಟೆಗಟ್ಟಲೆ ಧ್ವನಿಮುದ್ರಣದಿಂದ ಸಣ್ಣ ಸಣ್ಣ ತುಣುಕುಗಳನ್ನು ಆಯ್ದು ಹೊಲಿಯುತ್ತಿದ್ದವು. 2016ರಲ್ಲಿ ಡೀಪ್‌ಮೈಂಡ್ ವೇವ್‌ನೆಟ್ ಎಂಬ ಮಾದರಿಯನ್ನು ಪ್ರಕಟಿಸಿದ ಮೇಲೆ ನರಜಾಲಗಳು ಧ್ವನಿತರಂಗವನ್ನೇ ನೇರವಾಗಿ ಉತ್ಪಾದಿಸುವ ದಾರಿ ತೆರೆಯಿತು, ಮತ್ತು ಇಂದು ಕ್ಲೌಡ್ ಸೇವೆಗಳಲ್ಲಿ ಸಹಜವೆನಿಸುವ ಧ್ವನಿಗಳೆಲ್ಲ ಈ ಬಗೆಯವು. ಅವು ಪ್ರತಿ ಉಚ್ಚಾರದ ಅವಧಿಯನ್ನೂ ಸ್ವರದ ಏರಿಳಿತವನ್ನೂ ತಮ್ಮ ಮುಂದಿರುವ ಪಠ್ಯವನ್ನು ನೋಡಿ ಊಹಿಸುತ್ತವೆ. ಮುಂದಿರುವ ಪಠ್ಯವೆಂದರೆ ಆ ವಿನಂತಿಯಲ್ಲಿ ನೀವು ಕಳುಹಿಸಿದ್ದು ಮಾತ್ರ. ಹಿಂದಿನ ವಿನಂತಿಯ ನೆನಪು ಅವಕ್ಕಿಲ್ಲ. ವಾಕ್ಯದ ನಡುವೆ ಕಡಿದರೆ ಯಂತ್ರ ಅಲ್ಲಿಗೇ ವಾಕ್ಯ ಮುಗಿಯಿತೆಂದು ತಿಳಿದು ಸ್ವರವನ್ನು ಇಳಿಸಿಬಿಡುತ್ತದೆ, ಮುಂದಿನ ತುಂಡನ್ನು ಹೊಸ ಮಾತು ಆರಂಭಿಸುವವರಂತೆ ಏರುದನಿಯಲ್ಲಿ ತೊಡಗುತ್ತದೆ. ನಮ್ಮ ವಾಕ್ಯಗಳಲ್ಲಿ ಕ್ರಿಯಾಪದ ಕೊನೆಯಲ್ಲಿ ಬರುವುದರಿಂದ ಈ ಕಡಿತ ಇನ್ನೂ ಎದ್ದು ಕೇಳುತ್ತದೆ: ಕೇಳುಗ ಏನಾಯಿತೆಂಬುದಕ್ಕೆ ಕಾಯುತ್ತಿರುವಾಗಲೇ ದನಿ ಮುಗಿದಂತೆ ಇಳಿಯುತ್ತದೆ.

ಆದ್ದರಿಂದ ತುಂಡಿನ ಗಡಿ ವಾಕ್ಯದ ಗಡಿಯಲ್ಲೇ ಇರಬೇಕು, ಸಾಧ್ಯವಾದರೆ ಪ್ಯಾರಾದ ಗಡಿಯಲ್ಲಿ. ಸಾಮಾನ್ಯವಾಗಿ ಎಲ್ಲರೂ ಬರೆಯುವ ಕ್ರಮ ಇದು: ವಾಕ್ಯಗಳನ್ನು ಒಂದೊಂದಾಗಿ ಬುಟ್ಟಿಗೆ ಹಾಕುತ್ತ ಹೋಗಿ, 4,500 ಬೈಟ್ ದಾಟುವ ಮುನ್ನ ಆ ಬುಟ್ಟಿಯನ್ನು ಕಳುಹಿಸಿ, ಹೊಸ ಬುಟ್ಟಿ ಆರಂಭಿಸುವುದು. ಇದು ಕೆಲಸ ಮಾಡುತ್ತದೆ, ಆದರೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ಲೇಖನದ ಮೊದಲ ಪ್ಯಾರಾಕ್ಕೆ ನೀವು ನಾಳೆ ಒಂದು ವಾಕ್ಯ ಸೇರಿಸಿದರೆ ಅಲ್ಲಿಂದ ಮುಂದಿನ ಎಲ್ಲ ಬುಟ್ಟಿಗಳ ಗಡಿಗಳೂ ಸರಿದುಹೋಗುತ್ತವೆ, ಆಗ ಹಿಂದೆ ತಯಾರಿಸಿಟ್ಟ ಒಂದು ತುಂಡೂ ಮತ್ತೆ ಉಪಯೋಗಕ್ಕೆ ಬಾರದೆ ಇಡೀ ಲೇಖನಕ್ಕೆ ಮತ್ತೊಮ್ಮೆ ಹಣ ತೆರಬೇಕಾಗುತ್ತದೆ. ಒಂದು ಪ್ಯಾರಾಕ್ಕೆ ಒಂದು ತುಂಡು ಎಂದು ನಿಯಮ ಮಾಡಿಕೊಂಡರೆ ತಿದ್ದಿದ ಪ್ಯಾರಾ ಮಾತ್ರ ಹೊಸದಾಗಿ ತಯಾರಾಗುತ್ತದೆ. ವಿನಂತಿಗಳ ಸಂಖ್ಯೆ ಹೆಚ್ಚುತ್ತದೆ ನಿಜ, ಆದರೆ ಶುಲ್ಕ ವಿನಂತಿಗಳ ಮೇಲಲ್ಲ, ಅಕ್ಷರಗಳ ಮೇಲೆ. ಪ್ಯಾರಾವೇ 4,500 ಬೈಟ್ ಮೀರಿದರೆ ಮಾತ್ರ ಅದನ್ನು ವಾಕ್ಯಗಳಾಗಿ ಒಡೆಯಿರಿ. ಒಂದೇ ವಾಕ್ಯ ಅಷ್ಟು ಉದ್ದವಿದ್ದರೆ ಅಲ್ಪವಿರಾಮದಲ್ಲಿ ಒಡೆಯಬಹುದು. ಅದಕ್ಕಿಂತ ಲೇಖಕರನ್ನು ಕಂಡು ಮಾತನಾಡುವುದು ಒಳ್ಳೆಯದು.

ವಾಕ್ಯದ ಗಡಿಯನ್ನು ಕಂಡುಹಿಡಿಯುವುದು ಹೇಗೆ ಎಂದು ಕೇಳಿದರೆ, ಚುಕ್ಕೆ ಕಂಡಲ್ಲಿ ಒಡೆಯುವುದು ಎಂಬ ಉತ್ತರ ಥಟ್ಟನೆ ಹೊಳೆಯುತ್ತದೆ. ನಿಮ್ಮ ‘ಡಾ.’ ಮತ್ತು ‘ಕಿ.ಮೀ.’ ಅಡ್ಡಬರುವುದು ಇಲ್ಲಿಯೇ. ಹೆಸರಿನ ಮುಂದಿನ ಇನಿಷಿಯಲ್‌ಗಳು, ‘ಕ್ರಿ.ಶ.’, ‘ಉದಾ.’, ‘10.5’ ಇವೆಲ್ಲದರಲ್ಲಿಯೂ ಚುಕ್ಕೆಯಿದೆ, ಯಾವುದೂ ವಾಕ್ಯದ ಕೊನೆಯಲ್ಲ. ಇವುಗಳನ್ನು ಗುರುತಿಸಲು ಪಠ್ಯದಲ್ಲಿ ಮಾದರಿಗಳನ್ನು ಹುಡುಕುವ ಕ್ಲಿಷ್ಟವಾದ ರೆಗ್ಯುಲರ್ ಎಕ್ಸ್‌ಪ್ರೆಷನ್ ಬರೆಯುತ್ತ ಕೂರುವ ಬದಲು, ವಾಕ್ಯ ಒಡೆಯುವ ಹಂತಕ್ಕೆ ಬರುವ ಮೊದಲೇ ಸಂಕ್ಷೇಪಗಳನ್ನು ಬಿಡಿಸಿಬಿಟ್ಟರೆ ಗೊಂದಲದ ಚುಕ್ಕೆಗಳೇ ಉಳಿಯುವುದಿಲ್ಲ. ‘ಡಾ.’ ಎಂಬುದು ‘ಡಾಕ್ಟರ್’ ಆಗಲಿ, ‘ಕಿ.ಮೀ.’ ಎಂಬುದು ‘ಕಿಲೋಮೀಟರ್’ ಆಗಲಿ. ಇದಕ್ಕೊಂದು ಸರಳ ಪಟ್ಟಿ ಸಾಕು, ಮತ್ತು ಆ ಪಟ್ಟಿಯನ್ನು ಕೋಡ್‌ನ ಒಳಗಲ್ಲದೆ ಪ್ರತ್ಯೇಕ ಕಡತದಲ್ಲಿಟ್ಟರೆ ಪ್ರೋಗ್ರಾಮಿಂಗ್ ಬಾರದವರೂ ಅದಕ್ಕೆ ಸೇರಿಸುತ್ತ ಹೋಗಬಹುದು. ಬದಲಾಯಿಸುವಾಗ ಉದ್ದನೆಯ ಸಂಕ್ಷೇಪವನ್ನು ಮೊದಲು ಹಿಡಿಯಿರಿ: ‘ಚ.ಕಿ.ಮೀ.’ಗಿಂತ ಮೊದಲು ‘ಕಿ.ಮೀ.’ ಬದಲಾದರೆ ‘ಚ.’ ಒಂಟಿಯಾಗಿ ಉಳಿದುಬಿಡುತ್ತದೆ.

ಸಂಖ್ಯೆಗಳ ವಿಷಯ ಇದಕ್ಕಿಂತ ಆಳವಾದುದು, ಮತ್ತು ಕನ್ನಡದಲ್ಲಿ ಯಾಂತ್ರಿಕ ಓದಿನ ಅತಿ ಹೆಚ್ಚು ಮುಗ್ಗರಿಕೆಗಳನ್ನು ನಾನು ಕೇಳಿರುವುದು ಇಲ್ಲಿಯೇ. ನಾವು ‘2016ರಲ್ಲಿ’ ಎಂದು ಬರೆಯುತ್ತೇವೆ, ‘ಎರಡು ಸಾವಿರದ ಹದಿನಾರರಲ್ಲಿ’ ಎಂದು ಓದುತ್ತೇವೆ. ಸಂಖ್ಯೆಯನ್ನು ಪ್ರತ್ಯಯದಿಂದ ಬಿಡಿಸಿ ಪದವಾಗಿಸುವ ಯಂತ್ರ ‘ಎರಡು ಸಾವಿರದ ಹದಿನಾರು ರಲ್ಲಿ’ ಎಂದು ತೊದಲುತ್ತದೆ. ಏಕೆಂದರೆ ‘ಹದಿನಾರು’ ಎಂಬುದರ ಕೊನೆಯ ಉಕಾರ ಪ್ರತ್ಯಯ ಹತ್ತಿದೊಡನೆ ಅಕಾರವಾಗುತ್ತದೆ. ಸಮಾಧಾನದ ಸಂಗತಿಯೆಂದರೆ ಒಂದರಿಂದ ತೊಂಬತ್ತೊಂಬತ್ತರವರೆಗಿನ ಎಲ್ಲ ಸಂಖ್ಯಾಪದಗಳೂ, ‘ನೂರು’ ಕೂಡ, ಉಕಾರದಲ್ಲೇ ಮುಗಿಯುತ್ತವೆ, ಆದ್ದರಿಂದ ನಿಯಮ ಸರಳ: ಸಂಖ್ಯೆಯನ್ನು ಪದವಾಗಿಸಿ, ಕೊನೆಯ ಉಕಾರದ ಚಿಹ್ನೆಯನ್ನು ತೆಗೆದು, ಮೂಲದಲ್ಲಿದ್ದ ಪ್ರತ್ಯಯವನ್ನು ಅಂಟಿಸಿ. ‘5ರಿಂದ’ ಎಂಬುದು ‘ಐದರಿಂದ’, ‘20ನೇ’ ಎಂಬುದು ‘ಇಪ್ಪತ್ತನೇ’, ‘7ಕ್ಕೆ’ ಎಂಬುದು ‘ಏಳಕ್ಕೆ’ ಆಗುತ್ತದೆ. ಯೂನಿಕೋಡ್‌ನಲ್ಲಿ ಉಕಾರ ಪ್ರತ್ಯೇಕ ಸಂಕೇತವಾದ್ದರಿಂದ ಕೊನೆಯ ಒಂದು ಸಂಕೇತವನ್ನು ತೆಗೆದರೆ ಅಕಾರಾಂತ ತಾನಾಗಿಯೇ ಉಳಿಯುತ್ತದೆ. ಲಿಪಿಯ ರಚನೆ ಇಲ್ಲಿ ನಮ್ಮ ಪರವಾಗಿ ಕೆಲಸ ಮಾಡುತ್ತದೆ.

ಅಪವಾದ ಇರುವುದು ದೊಡ್ಡ ಸಂಖ್ಯೆಗಳಲ್ಲಿ. ‘ಸಾವಿರ’ ಮತ್ತು ‘ಲಕ್ಷ’ ಅಕಾರಾಂತ, ‘ಕೋಟಿ’ ಇಕಾರಾಂತ. ‘2000ರಲ್ಲಿ’ ಎಂದು ಬರೆದಿದ್ದರೂ ಅದನ್ನು ‘ಎರಡು ಸಾವಿರದಲ್ಲಿ’ ಎಂದು ಓದಬೇಕು; ‘ಎರಡು ಸಾವಿರರಲ್ಲಿ’ ಎಂಬುದು ಕನ್ನಡವಲ್ಲ. ಕೋಟಿಯಲ್ಲಿ ಮುಗಿಯುವ ಸಂಖ್ಯೆಗೆ ‘ಯಲ್ಲಿ’ ಮತ್ತು ‘ಗೆ’ ಬರಬೇಕು. ಹೀಗೆ ಮೂರು ಬಗೆಯ ಅಂತ್ಯಗಳಿಗೆ ಮೂರು ಪ್ರತ್ಯಯ ಪಟ್ಟಿಗಳನ್ನು ಇಟ್ಟುಕೊಂಡರೆ ಲೇಖನಗಳಲ್ಲಿ ಬರುವ ಬಹುತೇಕ ಸಂಖ್ಯೆಗಳು ಸರಿಹೋಗುತ್ತವೆ.

ಫೋನ್ ಸಂಖ್ಯೆಯನ್ನು ಮಾತ್ರ ಇವೆಲ್ಲಕ್ಕಿಂತ ಮೊದಲು ಗುರುತಿಸಿ, ಅಂಕಿಗಳನ್ನು ಒಂದೊಂದಾಗಿ ಬಿಡಿಸಿಡಬೇಕು. ಈ ಕ್ರಮವನ್ನು ಮರೆತು ನಾನೇ ಒಮ್ಮೆ ಒಂದು ಸಭೆಯಲ್ಲಿ ಧ್ವನಿಯನ್ನು ಕೇಳಿಸಲು ಹೋಗಿ, ಹತ್ತು ಅಂಕಿಗಳ ಫೋನ್ ಸಂಖ್ಯೆಯನ್ನು ಯಂತ್ರ ಕೋಟಿ ಲಕ್ಷಗಳಲ್ಲಿ ಗಂಭೀರವಾಗಿ ಓದಿದಾಗ ಸಭೆಯೆಲ್ಲ ನಕ್ಕಿತ್ತು. ‘5/6’ ಎಂಬಂಥದ್ದು ದಿನಾಂಕವೋ ಭಿನ್ನರಾಶಿಯೋ ಎಂಬುದನ್ನು ಯಾವ ನಿಯಮವೂ ನಿಶ್ಚಯವಾಗಿ ಹೇಳಲಾರದು. ಅದನ್ನು ಮೂಲ ಲೇಖನದಲ್ಲೇ ತಿದ್ದಿಸಿ.

ಶುದ್ಧಗೊಳಿಸುವ ಹಂತದ ಬಗ್ಗೆಯೂ ಎರಡು ಮಾತು ಅಗತ್ಯ. ಯೂನಿಕೋಡ್‌ನಲ್ಲಿ ಒಂದೇ ಅಕ್ಷರವನ್ನು ಎರಡು ರೀತಿಯಲ್ಲಿ ಬರೆಯಲು ಬರುತ್ತದೆ. ‘ಕೋ’ ಎಂಬುದರ ಓಕಾರ ಒಂದೇ ಸಂಕೇತವಾಗಿರಬಹುದು, ಇಲ್ಲವೇ ಎಕಾರ, ಊಕಾರ ಮತ್ತು ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳ ಜೋಡಣೆಯಾಗಿರಬಹುದು. ಕಣ್ಣಿಗೆ ಎರಡೂ ಒಂದೇ, ಪ್ರೋಗ್ರಾಂಗೆ ಬೇರೆ. ಹಾಗಾಗಿ ಎಲ್ಲ ಪಠ್ಯವನ್ನೂ ಮೊದಲು ಎನ್‌ಎಫ್‌ಸಿ ಎಂಬ ಪ್ರಮಾಣಿತ ರೂಪಕ್ಕೆ ತನ್ನಿ. ಪೈಥಾನ್‌ನ ಜೊತೆಗೇ ಬರುವ ಯೂನಿಕೋಡ್‌ಡೇಟಾ ಮಾಡ್ಯೂಲ್‌ನಲ್ಲಿ ಇದಕ್ಕೆ ಒಂದೇ ಸಾಲು ಸಾಕು. ಜಾಲಪುಟಗಳಿಂದ ನಕಲು ಮಾಡಿದ ಪಠ್ಯದಲ್ಲಿ ಕಾಣದ ಸಂಕೇತಗಳೂ ಅಡಗಿರುತ್ತವೆ. ಶೂನ್ಯ ಅಗಲದ ಖಾಲಿ ಜಾಗ, ಮೃದು ಹೈಫನ್, ಕಡತದ ತಲೆಯಲ್ಲಿ ಕೂರುವ ಬೈಟ್ ಆರ್ಡರ್ ಮಾರ್ಕ್ ಇವುಗಳನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಿ. ಆದರೆ ‘ಸಾಫ್ಟ್‌ವೇರ್’ನಂಥ ಪದಗಳಲ್ಲಿ ಒತ್ತಕ್ಷರವಾಗದಂತೆ ತಡೆಯುವ ಝಡ್‌ಡಬ್ಲ್ಯೂಎನ್‌ಜೆ ಮತ್ತು ‘ರ್‍ಯ’ದಲ್ಲಿ ಬರುವ ಝಡ್‌ಡಬ್ಲ್ಯೂಜೆ ಎಂಬ ಎರಡು ಕಾಣದ ಸಂಕೇತಗಳು ಬರಹದ ಭಾಗವೇ ಆದ್ದರಿಂದ ಅವುಗಳನ್ನು ಕಸವೆಂದು ಗುಡಿಸಬೇಡಿ. ಇನ್ನು, ಕೆಲವು ಹಳೆಯ ಲೇಖನಗಳು ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಇದ್ದರೆ ಅವು ತೆರೆಯ ಮೇಲೆ ಕನ್ನಡದಂತೆ ಕಂಡರೂ ಒಳಗೆ ಲ್ಯಾಟಿನ್ ಸಂಕೇತಗಳ ರಾಶಿ. ಅವುಗಳನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದ ಮೇಲಷ್ಟೇ ಉಳಿದ ಮಾತು.

ಟ್ಯಾಗ್‌ಗಳ ವಿಚಾರವನ್ನು ನೀವು ಕೇಳಿಲ್ಲ, ಆದರೆ ಮುಂದಿನ ಹೆಜ್ಜೆಯಾಗಿ ಖಂಡಿತ ಅಲ್ಲಿಗೆ ಹೋಗುತ್ತೀರಿ. ಎಸ್‌ಎಸ್‌ಎಂಎಲ್ ಎಂಬ ಗುರುತುಭಾಷೆಯನ್ನು ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ 2004ರಲ್ಲಿ ಪ್ರಮಾಣೀಕರಿಸಿತು, 2010ರಲ್ಲಿ ಅದರ 1.1 ಆವೃತ್ತಿ ಬಂತು. ವಿರಾಮ ಕೊಡುವುದು, ವೇಗ ಬದಲಿಸುವುದು, ಒಂದನ್ನು ಬರೆದು ಇನ್ನೊಂದನ್ನು ಓದಿಸುವುದು ಇವೆಲ್ಲ ಅದರಲ್ಲಿ ಸಾಧ್ಯ. ಸಂಖ್ಯೆ, ದಿನಾಂಕಗಳನ್ನು ಹೇಗೆ ಓದಬೇಕೆಂದು ಹೇಳುವ ‘ಸೇ-ಆ್ಯಸ್’ ಟ್ಯಾಗ್ ಕೂಡ ಇದೆಯಾದರೂ, ಎಲ್ಲ ಸೇವೆಗಳೂ ಎಲ್ಲ ಭಾಷೆಗಳಲ್ಲೂ ಅದನ್ನು ಒಂದೇ ರೀತಿಯಲ್ಲಿ ಪಾಲಿಸುವುದಿಲ್ಲ. ನಮ್ಮ ಪ್ರತ್ಯಯಗಳ ಗೊಡವೆಯಂತೂ ಅದಕ್ಕಿಲ್ಲ. ಸಂಖ್ಯೆಗಳನ್ನು ನೀವೇ ಪದವಾಗಿಸಬೇಕೆಂದು ನಾನು ಹೇಳುವುದು ಇದೇ ಕಾರಣಕ್ಕೆ. ಒಂದೇ ಸೇವೆಯೊಳಗೂ ಧ್ವನಿಯಿಂದ ಧ್ವನಿಗೆ ವ್ಯತ್ಯಾಸವಿರುತ್ತದೆ. ಪಾಲಿಯ ನರಜಾಲ ಧ್ವನಿಗಳು ಒತ್ತು ಕೊಡುವ ‘ಎಂಫಸಿಸ್’ ಟ್ಯಾಗ್ ಅನ್ನು ಒಪ್ಪುವುದಿಲ್ಲ. ಟ್ಯಾಗ್ ಬಳಸುವಾಗ ಮೂಲ ಪಠ್ಯದಲ್ಲಿರುವ ಆಂಪರ್ಸೆಂಡ್ ಮತ್ತು ಕೋನಾವರಣ ಚಿಹ್ನೆಗಳನ್ನು ಎಕ್ಸ್‌ಎಂಎಲ್ ರೀತಿಯಲ್ಲಿ ಮೊದಲೇ ‘ಎಸ್ಕೇಪ್’ ಮಾಡಿ, ಅಂದರೆ ಟ್ಯಾಗ್‌ನ ಭಾಗವೆಂದು ತಿಳಿಯದಂತೆ ಬದಲಿ ರೂಪದಲ್ಲಿ ಬರೆಯಿರಿ, ಇಲ್ಲವಾದರೆ ಇಡೀ ವಿನಂತಿ ತಿರಸ್ಕೃತವಾಗುತ್ತದೆ. ತುಂಡು ಮಾಡಿದ ಮೇಲಷ್ಟೇ ಟ್ಯಾಗ್ ಹಾಕಿ. ಮೊದಲೇ ಹಾಕಿದರೆ ತೆರೆದ ಟ್ಯಾಗ್ ಒಂದು ತುಂಡಿನಲ್ಲಿ, ಮುಚ್ಚುವ ಟ್ಯಾಗ್ ಇನ್ನೊಂದರಲ್ಲಿ ಉಳಿಯುತ್ತದೆ. ಗೂಗಲ್‌ನಲ್ಲಿ ಟ್ಯಾಗ್‌ನ ಅಕ್ಷರಗಳಿಗೂ ಶುಲ್ಕವಿದೆ ಎಂಬುದು ನೆನಪಿರಲಿ. 4,500 ಬೈಟ್ ಎಂದು ಕಡಿಮೆ ಹಿಡಿದದ್ದು ಟ್ಯಾಗ್‌ಗಳಿಗೆ ಜಾಗವಿರಲಿ ಎಂದೇ.

ಈಗ ಆ ‘ಟಪ್’ ಸದ್ದು. ನೀವು ಹೊರಬರುವ ಧ್ವನಿಯ ರೂಪವನ್ನು ಲಿನಿಯರ್16, ಅಂದರೆ ಸಂಕುಚಿತವಲ್ಲದ ರೂಪ, ಎಂದು ಕೇಳಿದ್ದೀರಿ. ಗೂಗಲ್ ಇದನ್ನು ವೇವ್ ಕಡತದ ಹೆಡರ್, ಅಂದರೆ ಕಡತದ ಆರಂಭದಲ್ಲಿರುವ ವಿವರ ಭಾಗದ ಸಮೇತ ಕೊಡುತ್ತದೆ. ಸಾಮಾನ್ಯವಾಗಿ 44 ಬೈಟ್‌ಗಳ ಆ ಹೆಡರ್‌ನಲ್ಲಿ ಧ್ವನಿ ಎಷ್ಟು ಉದ್ದವಿದೆ ಎಂಬ ಮಾಹಿತಿಯಿರುತ್ತದೆ. ಕಡತಗಳ ಬೈಟ್‌ಗಳನ್ನು ಹಾಗೆಯೇ ಒಂದರ ಹಿಂದೆ ಒಂದು ಬರೆದಾಗ ಎರಡನೆಯ ತುಂಡಿನ ಹೆಡರ್ ಧ್ವನಿಯ ನಡುವೆ ಬಂದು ಕೂರುತ್ತದೆ. ಹೆಡರ್‌ನ ಮಾತನ್ನು ನಂಬುವ ಪ್ಲೇಯರ್ ಮೊದಲ ತುಂಡಿನ ಉದ್ದ ಮುಗಿದೊಡನೆ ನಿಲ್ಲುತ್ತದೆ. ನಂಬದೆ ಮುಂದುವರಿಯುವ ಪ್ಲೇಯರ್ ಆ 44 ಬೈಟ್‌ಗಳನ್ನೂ ಧ್ವನಿಯೆಂದೇ ತಿಳಿದು ನುಡಿಸುತ್ತದೆ, ಅದೇ ನಿಮಗೆ ಕೇಳಿಸುವ ಸದ್ದು. ಪೈಥಾನ್‌ನ ‘ವೇವ್’ ಮಾಡ್ಯೂಲ್ ಬಳಸಿ ಪ್ರತಿ ತುಂಡನ್ನೂ ತೆರೆದು, ಹೆಡರ್ ಬಿಟ್ಟು ಧ್ವನಿಯ ಫ್ರೇಮ್‌ಗಳನ್ನು ಮಾತ್ರ ಓದಿ, ಹೊಸದೊಂದು ಕಡತಕ್ಕೆ ಬರೆದರೆ ಎರಡೂ ತೊಂದರೆ ಒಟ್ಟಿಗೇ ಹೋಗುತ್ತವೆ. ಪಾಲಿಯ ಪಿಸಿಎಂ ಎಂಬ ಸಂಕುಚಿತವಲ್ಲದ ರೂಪಕ್ಕೆ ಹೆಡರ್ ಇರುವುದಿಲ್ಲ. ಅಲ್ಲಿ ನೇರವಾಗಿ ಜೋಡಿಸಿ ಕೊನೆಗೆ ಒಂದೇ ಹೆಡರ್ ಹಾಕಬೇಕು.

ಎಂಪಿ3 ತುಂಡುಗಳನ್ನು ನೇರವಾಗಿ ಜೋಡಿಸಿದರೆ ಆಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ, ಆದರೆ ಎಂಪಿ3 ಎನ್‌ಕೋಡರ್ ಪ್ರತಿ ಕಡತದ ಆದಿಯಲ್ಲೂ ಅಂತ್ಯದಲ್ಲೂ ಸ್ವಲ್ಪ ಮೌನವನ್ನು ಸೇರಿಸುವುದರಿಂದ ನಿಮ್ಮ ಹಿಡಿತದಲ್ಲಿಲ್ಲದ ಬಿಡುವುಗಳು ಉಂಟಾಗುತ್ತವೆ. ಸಂಕುಚಿತವಲ್ಲದ ರೂಪದಲ್ಲಿ ತರಿಸಿ, ಜೋಡಿಸಿ, ಕಟ್ಟಕಡೆಗೆ ಕಡತಗಳ ರೂಪ ಬದಲಿಸುವ ಎಫ್‌ಎಫ್‌ಎಂಪೆಗ್ ತಂತ್ರಾಂಶದಿಂದ ಒಮ್ಮೆ ಮಾತ್ರ ಎಂಪಿ3 ಮಾಡುವುದು ನನ್ನ ರೂಢಿ. ಗಾತ್ರದ ಅಂದಾಜಿಗೆ: 24 ಕಿಲೋಹರ್ಟ್ಸ್, 16 ಬಿಟ್, ಏಕವಾಹಿನಿ ಧ್ವನಿ ಸೆಕೆಂಡಿಗೆ 48,000 ಬೈಟ್, ಅಂದರೆ 10 ನಿಮಿಷಕ್ಕೆ 28.8 ಎಂಬಿ. ಅದೇ 32 ಕೆಬಿಪಿಎಸ್ ಎಂಪಿ3 ಆದರೆ 2.4 ಎಂಬಿ. ಜೋಡಿಸುವಾಗ ಪ್ಯಾರಾಗಳ ನಡುವೆ 600 ಮಿಲಿಸೆಕೆಂಡ್ ಮೌನ ಹಾಕಿ ನೋಡಿ. ಈ ಲೆಕ್ಕದಲ್ಲಿ ಅದು ಸೊನ್ನೆಗಳಿಂದ ತುಂಬಿದ 28,800 ಬೈಟ್. ಟ್ಯಾಗ್ ಹಾಕಿ ಸೇವೆಯಿಂದ ಮೌನವನ್ನು ತರಿಸುವುದಕ್ಕಿಂತ ಇದು ಅಗ್ಗ, ಮತ್ತು ಆಮೇಲೆ ಬದಲಿಸಲೂ ಸುಲಭ. ಲೈಬ್ರರಿ ಬಳಸದೆ ನೇರವಾಗಿ ಎಚ್‌ಟಿಟಿಪಿ ಮೂಲಕ ಕರೆಯುವವರು, ಗೂಗಲ್‌ನ ಉತ್ತರದಲ್ಲಿ ಧ್ವನಿಯು ಬೈಟ್‌ಗಳನ್ನು ಅಕ್ಷರಗಳಾಗಿ ಬರೆದ ಬೇಸ್64 ಪಠ್ಯವಾಗಿ ಬರುತ್ತದೆ ಎಂಬುದನ್ನು ಗಮನಿಸಬೇಕು. ಅದನ್ನು ಬಿಡಿಸದೆ ಕಡತಕ್ಕೆ ಬರೆದು ‘ಕಡತ ತೆರೆಯುತ್ತಿಲ್ಲ’ ಎಂದು ಪರದಾಡಿದವರು ಬಹಳ ಮಂದಿ.

ಜಾಲದ ದೋಷಗಳನ್ನು ಎರಡಾಗಿ ವಿಂಗಡಿಸಿಕೊಳ್ಳಿ. 400, 401, 403 ಬಂದರೆ ತಪ್ಪು ನಿಮ್ಮ ಕಡೆ. ಮತ್ತೆ ಕಳುಹಿಸಿ ಪ್ರಯೋಜನವಿಲ್ಲ. 429 ಅಥವಾ 503 ಬಂದರೆ ಅಡ್ಡಿ ತಾತ್ಕಾಲಿಕ: 1 ಸೆಕೆಂಡ್, 2, 4 ಹೀಗೆ ಕಾಯುವಿಕೆಯನ್ನು ಇಮ್ಮಡಿಗೊಳಿಸುತ್ತ, ಅದಕ್ಕೆ ಸ್ವಲ್ಪ ಯಾದೃಚ್ಛಿಕ ಅಂತರವನ್ನೂ ಸೇರಿಸಿ, ಐದು ಸಲಕ್ಕೆ ನಿಲ್ಲಿಸಿ. ನಿಲ್ಲಿಸಿ ಎಂಬುದನ್ನು ಒತ್ತಿ ಹೇಳುತ್ತೇನೆ. ಉತ್ತರವನ್ನು ಡಿಸ್ಕ್‌ಗೆ ಬರೆಯುವಲ್ಲಿ ಎಡವಿ, ಅದನ್ನೇ ವಿಫಲತೆಯೆಂದು ಎಣಿಸಿ ಮತ್ತೆ ಮತ್ತೆ ಕೇಳುವ ಲೂಪ್ ಒಂದನ್ನು ನಾನು ರಾತ್ರಿಯಿಡೀ ಓಡಲು ಬಿಟ್ಟಿದ್ದೆ; ಪ್ರತಿ ಸಲವೂ ಸೇವೆ ಸರಿಯಾಗಿಯೇ ಧ್ವನಿ ಕೊಟ್ಟಿತ್ತು, ಪ್ರತಿ ಸಲವೂ ಲೆಕ್ಕ ಬರೆದುಕೊಂಡಿತ್ತು. ಖರ್ಚು ಇಷ್ಟಾದರೆ ತಿಳಿಸು ಎಂದು ಗೂಗಲ್ ಕ್ಲೌಡ್‌ನಲ್ಲಿ ಇಡುವ ಬಜೆಟ್ ಎಚ್ಚರಿಕೆ ಸಂದೇಶವನ್ನಷ್ಟೇ ಕಳುಹಿಸುತ್ತದೆ, ಖರ್ಚನ್ನು ತಾನಾಗಿ ತಡೆಯುವುದಿಲ್ಲ.

ಅದಕ್ಕಾಗಿಯೇ ಒಮ್ಮೆ ತಯಾರಿಸಿದ ಪ್ರತಿ ತುಂಡನ್ನೂ ಉಳಿಸಿಕೊಳ್ಳಬೇಕು. ಶುದ್ಧಗೊಳಿಸಿ ಬಿಡಿಸಿದ ಪಠ್ಯ, ಧ್ವನಿಯ ಹೆಸರು, ವೇಗ, ಹೊರರೂಪ ಇವಿಷ್ಟನ್ನೂ ಸೇರಿಸಿ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಆ ಮಾಹಿತಿಯ ಬೆರಳಚ್ಚಿನಂಥ ಗುರುತು, ತೆಗೆದು, ಅದನ್ನೇ ಕಡತದ ಹೆಸರಾಗಿಸಿ. ಆ ಹೆಸರಿನ ಕಡತ ಇದ್ದರೆ ಸೇವೆಯನ್ನು ಕರೆಯಬೇಡಿ. ಎನ್‌ಎಫ್‌ಸಿ ಮಾಡದಿದ್ದರೆ ಒಂದೇ ಪ್ಯಾರಾಕ್ಕೆ ಎರಡು ಹ್ಯಾಶ್ ಬಂದು ಈ ಉಳಿತಾಯ ಕೈತಪ್ಪುತ್ತದೆ. ಹಲವು ತುಂಡುಗಳನ್ನು ಏಕಕಾಲಕ್ಕೆ ಕಳುಹಿಸುವುದಾದರೆ ಜೋಡಣೆಯನ್ನು ಬಂದ ಕ್ರಮದಲ್ಲಲ್ಲ, ಪ್ಯಾರಾ ಸಂಖ್ಯೆಯ ಕ್ರಮದಲ್ಲಿ ಮಾಡಿ.

ಕತ್ತರಿಸುವ ರಗಳೆಯೇ ಬೇಡ, ಇಡೀ ಪುಸ್ತಕವನ್ನೇ ಒಮ್ಮೆಗೇ ಕೊಡುತ್ತೇನೆ ಎನ್ನುವುದಾದರೆ ಅದಕ್ಕೂ ದಾರಿಯಿದೆ. ಪಾಲಿಯಲ್ಲಿ 1,00,000 ಶುಲ್ಕಾರ್ಹ ಅಕ್ಷರಗಳವರೆಗಿನ ಪಠ್ಯವನ್ನು ಹಿನ್ನೆಲೆಯ ಕೆಲಸವಾಗಿ ಒಪ್ಪಿಸಿದರೆ ಧ್ವನಿ ಅಮೆಜಾನ್‌ನಲ್ಲಿ ಕಡತಗಳನ್ನಿಡುವ ನಿಮ್ಮ ಎಸ್3 ಸಂಗ್ರಹಕ್ಕೆ ಬಂದು ಬೀಳುತ್ತದೆ. ಗೂಗಲ್ ಮತ್ತು ಅಜೂರ್‌ನಲ್ಲಿಯೂ ದೀರ್ಘ ಪಠ್ಯಕ್ಕೆ ಇಂಥ ಪ್ರತ್ಯೇಕ ವ್ಯವಸ್ಥೆಗಳಿವೆ. ಆದರೆ ಆಗಾಗ ತಿದ್ದುವ ಲೇಖನಗಳಿಗೆ ಇದು ಹೊಂದುವುದಿಲ್ಲ, ಒಂದು ಪದ ಬದಲಿಸಿದರೂ ಎಲ್ಲವನ್ನೂ ಮತ್ತೆ ತಯಾರಿಸಬೇಕಾಗುತ್ತದೆ. ಧ್ವನಿಯ ಆಯ್ಕೆಯ ಬಗ್ಗೆ ಹೇಳುವುದಾದರೆ, ಗೂಗಲ್‌ನಲ್ಲಿ ಕನ್ನಡಕ್ಕೆ ಸಾಮಾನ್ಯ ಮತ್ತು ವೇವ್‌ನೆಟ್ ಧ್ವನಿಗಳೂ, ಅಜೂರ್‌ನಲ್ಲಿ ಸಪ್ನಾ ಮತ್ತು ಗಗನ್ ಎಂಬ ಹೆಸರಿನ ಧ್ವನಿಗಳೂ ಇವೆ. ಧ್ವನಿಗಳ ಪಟ್ಟಿ ಆಗಾಗ ಬದಲಾಗುವುದರಿಂದ ಹೆಸರನ್ನು ಕೋಡ್‌ನಲ್ಲಿ ಗಟ್ಟಿಯಾಗಿ ಕೂರಿಸದೆ ಸಂರಚನಾ ಕಡತದಲ್ಲಿಡಿ.

ಕೊನೆಯದಾಗಿ, ನಿಮ್ಮ ಲೇಖನಗಳಿಂದಲೇ ಇಪ್ಪತ್ತು ವಾಕ್ಯಗಳನ್ನು ಆರಿಸಿ ಒಂದು ಪರೀಕ್ಷಾ ಕಡತ ಮಾಡಿಕೊಳ್ಳಿ: ಇಸವಿ ಇರುವುದೊಂದು, ಫೋನ್ ಸಂಖ್ಯೆ ಇರುವುದೊಂದು, ‘ಚ.ಕಿ.ಮೀ.’ ಇರುವುದೊಂದು, ‘2000ರಲ್ಲಿ’ ಇರುವುದೊಂದು, ಇಂಗ್ಲಿಷ್ ಪದ ನುಸುಳಿರುವುದೊಂದು. ಕೋಡ್ ಬದಲಿಸಿದಾಗಲೆಲ್ಲ ಸೇವೆಗೆ ಹೋಗುವ ಮುಂಚಿನ ಪಠ್ಯವನ್ನು ಮೊದಲು ಕಣ್ಣಿನಿಂದ ಓದಿ ನೋಡಿ, ಅದಕ್ಕೆ ಖರ್ಚಿಲ್ಲ. ಅದು ಸರಿಯಿದ್ದರೆ ಮಾತ್ರ ಧ್ವನಿ ಮಾಡಿಸಿ, ಲೇಖನವನ್ನು ಮೊದಲು ಓದಿರದ ಒಬ್ಬರಿಗೆ ಕೇಳಿಸಿ. ನೀವೇ ಕೇಳಿದರೆ ಯಂತ್ರ ತಪ್ಪಿದ್ದನ್ನು ನಿಮ್ಮ ಕಿವಿ ತಾನಾಗಿ ತಿದ್ದಿಕೊಂಡುಬಿಡುತ್ತದೆ.